ಮನೆಮಂದಿಯೆಲ್ಲ ಹೊರಟಾಗ

ರಾಯಚೂರಿನ ಕೋಟೆಯನ್ನು ನೋಡಿದವರು ಅದರ ಗೋಡೆಯಲ್ಲಿರುವ ಹೆಬ್ಬಂಡೆಯನ್ನು ಮರೆಯಲಾರರು. 41 ಅಡಿಗೂ ಮಿಕ್ಕಿ ಉದ್ದವಿರುವ ಒಂದೇ ಕಲ್ಲು ಅದು. 1294ರಲ್ಲಿ ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಬಳಿಯಲ್ಲೇ ಒಂದು ಚಿತ್ರವನ್ನು ಕೊರೆದಿದ್ದಾರೆ: ಕಲ್ಲು ಹೇರಿದ ಬಂಡಿ, ಅದನ್ನೆಳೆಯುವ ಕೋಣಗಳ ಉದ್ದನೆಯ ಸಾಲು, ಹಿಂದೆ ಸನ್ನೆಗೋಲು ಹಾಕಿ ಗಾಲಿಯನ್ನು ಮುಂದೂಡುವ ಆಳುಗಳು. ಕಟ್ಟಿಸಿದವನ ಹೆಸರು ಉಳಿದಿದೆ. ಗಾಲಿ ನೂಕಿದವರ ಹೆಸರಿಲ್ಲ. ಆ ಚಿತ್ರವನ್ನು ಕಂಡಾಗಲೆಲ್ಲ ನನಗೆ ನನ್ನ ಸೋದರತ್ತೆಯ ನೆನಪಾಗುತ್ತದೆ.

ಕೃಷ್ಣೆ-ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಚರಿತ್ರೆಯನ್ನು ನಾವು ದಂಡಿನ ದಾರಿಯಲ್ಲಿಯೇ ಓದಿಕೊಂಡು ಬಂದಿದ್ದೇವೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದುದು ಎಲ್ಲರಿಗೂ ಗೊತ್ತು. ಆದರೆ ಮಕ್ಕಳು ಮುದುಕರನ್ನು ಕಟ್ಟಿಕೊಂಡು ಒಂದು ಸಂಸಾರ ಹೊಳೆ ದಾಟುತ್ತಿದ್ದುದು ಹೇಗೆ? ಅದೇ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಆನೆಗೊಂದಿಯ ಬಳಿಯ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿದ್ದು ತೊಗಲು ಹೊದಿಸಿದ ಅವುಗಳಲ್ಲಿ ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಿದ್ದರಂತೆ. ನೆಟ್ಟಗೆ ಸಾಗದೆ ಸುತ್ತುತ್ತಲೇ ಹೋಗುತ್ತಿದ್ದವಂತೆ. ಅವಿಭಕ್ತ ಕುಟುಂಬಕ್ಕೆ ಹೇಳಿ ಮಾಡಿಸಿದ ಅಳತೆ, ನಡಿಗೆಯೂ ಅದರದೇ! ಚೀಕಲಪರವಿಯ ವಿಜಯದಾಸರಂಥ ಹರಿದಾಸರಿಗೆ ಸಂಚಾರಕ್ಕೆ ತಂಬೂರಿ ಸಾಕಿತ್ತು. ಸಂಸಾರಿಗೆ ಅಷ್ಟು ಸಾಲದು.

1871ರಲ್ಲಿ ಮುಂಬಯಿ, ಮದರಾಸುಗಳ ಕಡೆಯ ರೈಲುದಾರಿಗಳು ರಾಯಚೂರಿನಲ್ಲಿ ಬಂದು ಕೂಡಿದವು. 1932ರಲ್ಲಿ ನಿಜಾಮರ ರೈಲ್ವೆಯು 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನೂ ಆರಂಭಿಸಿತು. ಆದರೂ ನಮ್ಮ ನೆಂಟರಿಷ್ಟರಿದ್ದ ದೇವದುರ್ಗಕ್ಕಾಗಲಿ ಮಾನ್ವಿಗಾಗಲಿ ನನ್ನ ಬಾಲ್ಯದಲ್ಲಿ ರೈಲಿರಲಿಲ್ಲ. ಮುಂಬಯಿಗೆ ಹೋಗುವ ಗಾಡಿಯನ್ನು ನೋಡಿ ಕೈಬೀಸಿ, ನಾವು ಬಸ್ಸು ಹತ್ತುತ್ತಿದ್ದೆವು.

1968ರ ಬೇಸಿಗೆಯಲ್ಲಿ ದೇವದುರ್ಗದಲ್ಲೊಂದು ಮದುವೆ. ಹೊರಟವರು ಹದಿನೇಳು ಜನ. ಅದರಲ್ಲಿ ಮಕ್ಕಳೇ ಹನ್ನೊಂದು. ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿ-ಶೇಂಗಾ ಹಿಂಡಿಯ ಬುತ್ತಿ ಎಲ್ಲ ಸೇರಿ ಒಂಬತ್ತು ಗಂಟು. ಗಂಟುಗಳ ಲೆಕ್ಕ ತಂದೆಯವರದು. ಮಕ್ಕಳ ಲೆಕ್ಕ ಅತ್ತೆಯದು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದ ಆಕೆ, ಹತ್ತುವಾಗ ಇಳಿಯುವಾಗ ನಮ್ಮ ತಲೆ ಮುಟ್ಟಿ ಎಣಿಸುತ್ತಿದ್ದಳು. ಹನ್ನೊಂದು ಬಂದ ಮೇಲೆಯೇ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಗಬ್ಬೂರಿನಲ್ಲಿ ಬಸ್ಸು ನಿಂತಿತು. ನಾನು ನೀರು ಬೇಕೆಂದು ಹಠ ಹಿಡಿದೆ. ಅತ್ತೆ ತಂಬಿಗೆ ಹಿಡಿದು ಇಳಿದಳು. ಕಿಟಕಿಯ ಪಕ್ಕದ ಆಕೆಯ ಜಾಗ ತೆರವಾಯಿತು. ನಾನು ಅಲ್ಲಿ ಕುಳಿತೆ. ಬಸ್ಸು ಹೊರಟಾಗ ಆಕೆ ಹಿಂದೆಲ್ಲೋ ಹತ್ತಿರಬಹುದೆಂದುಕೊಂಡೆ. ನಿಜ ಹೇಳಬೇಕೆಂದರೆ, ತಿರುಗಿ ನೋಡಿದರೆ ಕಿಟಕಿ ಕೈತಪ್ಪೀತೆಂದು ನೋಡಲಿಲ್ಲ.

ದೇವದುರ್ಗದಲ್ಲಿ ಇಳಿದಾಗ ತಂದೆಯವರು ಗಂಟುಗಳನ್ನು ಎಣಿಸಿದರು. ಒಂಬತ್ತೂ ಇದ್ದವು. ಎಲ್ಲರೂ ಹೊರಟೆವು. ಆಗ ನನ್ನ ಕಿರಿಯ ತಂಗಿ ನಿಂತುಬಿಟ್ಟಳು: “ಅತ್ತಿ ನಮ್ಮನ್ನ ಎಣಸೇ ಇಲ್ಲ.”

ತಂದೆಯವರು ಮರುಬಸ್ಸಿಗೆ ಗಬ್ಬೂರಿಗೆ ಓಡಿದರು. ಅತ್ತೆ ಬೇವಿನ ಮರದ ಕೆಳಗೆ ಕುಳಿತಿದ್ದಳಂತೆ. ಇಬ್ಬರೂ ಬಂದಾಗ ದೀಪ ಹಚ್ಚುವ ಹೊತ್ತು. ಆಕೆ ಯಾರನ್ನೂ ಬೈಯಲಿಲ್ಲ. ತಂಬಿಗೆಯನ್ನು ನನ್ನ ಕೈಗಿತ್ತು, “ನೀರು ಕೇಳಿದ್ದಿಲ್ಲೋ, ತಗೊ” ಎಂದಳು. ಆಮೇಲೆ ನಮ್ಮ ತಲೆಗಳನ್ನು ಮುಟ್ಟಿ ಎಣಿಸಿದಳು.

ನಿವೃತ್ತನಾದ ಮೇಲೆ ನಮ್ಮ ಮನೆತನದ ವಂಶಾವಳಿ ಬರೆಯಲು ಕುಳಿತೆ. ಏಳು ತಲೆಮಾರಿನ ಗಂಡಸರ ಹೆಸರುಗಳು ಸಲೀಸಾಗಿ ಸಿಕ್ಕವು. ಅತ್ತೆಯ ಹೆಸರಿನ ಬಳಿ ಲೇಖನಿ ನಿಂತಿತು. ತಂದೆಗೆ ಆಕೆ ಅಕ್ಕ, ನಮಗೆ ಅತ್ತೆ. ಅದರಾಚೆ ನನಗೆ ತಿಳಿದಿರಲಿಲ್ಲ. ಮೂವತ್ತು ವರ್ಷ ಶಾಸನಗಳ ಪಾಠ ಹೇಳಿದವನು ನಾನು! ಕೊನೆಗೆ ಮಾನ್ವಿಯಲ್ಲಿರುವ ಹಿರಿಯ ಬಂಧುವೊಬ್ಬರನ್ನು ಕೇಳಲು ಹೋದೆ. ನೀರಮಾನ್ವಿ ದಾಟುವವರೆಗೂ ಕಿಟಕಿಯ ಪಕ್ಕದಲ್ಲಿ ಕೂರಲು ಮನಸ್ಸು ಬರಲಿಲ್ಲ. ಅವರು ಹೆಸರು ಹೇಳಿದರು. ಅಲ್ಲಿಯೇ ಬರೆದುಕೊಂಡೆ, ತಂದೆಯವರ ಹೆಸರಿಗಿಂತ ಮೊದಲು, ಹಿರಿಯಳಲ್ಲವೆ?