ಕಣಜದ ನೆನಪು

ಸಂತ ಲೂಕರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಬರುವ ಸಿರಿವಂತನ ಸಾಮತಿ ನಿಮಗೆಲ್ಲ ತಿಳಿದದ್ದೇ. ಬೆಳೆ ಹುಲುಸಾಗಿ ಬಂದಿತೆಂದು ಇದ್ದ ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಲು ಹೊರಟವನ ಕಥೆ ಅದು. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ವಿಜಯನಗರದ ಹುಡುಗನೊಬ್ಬ ಎದ್ದು ನಿಂತು, "ಫಾದರ್, ಕಣಜ ಅಂದರೇನು?" ಎಂದು ಕೇಳಿದ. ಧಾನ್ಯ ತುಂಬಿಡುವ ಜಾಗ ಎಂದೆ. "ಗೋಡೌನ್ ಥರಾನಾ?" ಎಂದ. ಹೌದೆಂದು ಹೇಳಿ ಪಾಠ ಮುಂದುವರಿಸಿದೆ. ಆದರೆ ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಗೋಡೌನಿನಲ್ಲಿರುವುದು ಮಾರುವ ಸರಕು; ಕಣಜದಲ್ಲಿ ಇರುತ್ತಿದ್ದುದು ಮನೆಯವರ ಮುಂದಿನ ವರ್ಷದ ಊಟ.

ಆ ತರಗತಿಯ ಸುತ್ತಲಿನ ನೆಲದಲ್ಲಿ ಎರಡು ಮೂರು ತಲೆಮಾರುಗಳ ಹಿಂದೆ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಮೂಡಲಪಾಳ್ಯ, ಅತ್ತಿಗುಪ್ಪೆ, ನಾಗರಭಾವಿ: ಈ ಹೆಸರುಗಳು ಇಂದು ಬಸ್ಸಿನ ಫಲಕಗಳಲ್ಲೂ ಮೆಟ್ರೋ ನಿಲ್ದಾಣಗಳಲ್ಲೂ ಉಳಿದಿವೆ, ಇವೆಲ್ಲ ಒಕ್ಕಲು ಊರುಗಳಾಗಿದ್ದವೆಂಬುದು ಮರೆತುಹೋಗಿದೆ. 1945ರಲ್ಲಿ ಹುಟ್ಟಿದ, ಹಿರಿಯರು ಇಂದಿಗೂ ಸಿ.ಐ.ಟಿ.ಬಿ. ಎಂದೇ ಕರೆಯುವ ಮಂಡಳಿ ಹೊಲಗಳನ್ನು ಬಡಾವಣೆಗಳನ್ನಾಗಿ ಮಾಡತೊಡಗಿತು. 1949ರಲ್ಲಿ ರಾಜಾಜಿಯವರ ಹೆಸರಿನ ನಗರ ಆರಂಭವಾಯಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಮೇಲೆ ಈ ಕೆಲಸ ಕೆಂಗೇರಿಯ ಕಡೆಗೂ ಹಬ್ಬಿತು. ಹೊಲ ಹೋದಮೇಲೆ ಕಣ ಬೇಡವಾಯಿತು, ಕಣ ಹೋದಮೇಲೆ ಕಣಜ ಬೇಡವಾಯಿತು. ಇದರಲ್ಲಿ ಯಾರನ್ನೂ ದೂರಿ ಫಲವಿಲ್ಲ. ಆ ಬಡಾವಣೆಗಳ ಮನೆಗಳಲ್ಲೇ ನಾವು ವಾಸವಾಗಿದ್ದೇವೆ.

ನಮ್ಮ ಸೀಮೆಯಲ್ಲಿ ಧಾನ್ಯವಿಡುವ ಕ್ರಮ ಒಂದೇ ಆಗಿರಲಿಲ್ಲ. ಬಿದಿರ ದಬ್ಬೆಯಿಂದ ಹೆಣೆದು ಸಗಣಿ ಮಣ್ಣು ಮೆತ್ತಿದ ಕಣಜಗಳಿದ್ದವು, ಮರದ ಹಲಗೆಯವೂ ಇದ್ದವು. ನಡುಮನೆಯಲ್ಲಿ ಆಳೆತ್ತರದ ಮಣ್ಣಿನ ವಾಡೆಗಳಿದ್ದವು. ಮೇಲಿನಿಂದ ತುಂಬಿ, ಬುಡದ ತೂತಿಗೆ ತುರುಕಿದ ಬಟ್ಟೆಯನ್ನು ತೆಗೆದು ಬೇಕಾದಷ್ಟು ಸುರಿಸಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಸೋಜಿಗದ್ದು ಹಗೇವು. ನೀರು ಜಿನುಗದ ಗಟ್ಟಿ ನೆಲದಲ್ಲಿ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಗುಡಾಣದ ಹೊಟ್ಟೆಯಂತೆ ಅಗಲಿಸಿ ತೋಡುತ್ತಿದ್ದ ಗುಳಿ ಅದು. ಸುತ್ತಲೂ ಹುಲ್ಲು ಒತ್ತಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣಿನಿಂದ ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳ ಬದುಕುವುದಿಲ್ಲ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲಬಲ್ಲದು. ಆದ್ದರಿಂದ ಬಾಯಿ ತೆರೆದ ಹಗೇವನ್ನು ಬಹಳ ಹೊತ್ತು ಹಾಗೆಯೇ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಟಿಪ್ಪುವಿನ ಪತನದ ನಂತರ 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಇಂಥ ಗುಳಿಗಳ ವಿಚಾರ ಬರೆದಿದ್ದಾನೆ.

ಇಷ್ಟೊಂದು ಶ್ರಮ ಏಕೆ? ಮಳೆಯನ್ನು ನಂಬುವಂತಿರಲಿಲ್ಲ, ಅದಕ್ಕೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ನಡುವೆ ಬಂದದ್ದು 1876-78ರ ಮಹಾಕ್ಷಾಮ. ನಮ್ಮ ಧರ್ಮಸಭೆಯ ಚರಿತ್ರೆ ಇಲ್ಲಿ ಕಣಜದ ಚರಿತ್ರೆಯನ್ನು ಸೇರುತ್ತದೆ. ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳನ್ನು ಪ್ಯಾರಿಸ್ ವಿದೇಶಿ ಮಿಷನ್ನಿನ ಗುರುಗಳು ಸಾಕಿದರು. ಅವರು ಉತ್ತು ಬಿತ್ತಿ ಬದುಕಲೆಂದು ಊರುಗಳನ್ನೇ ಕಟ್ಟಿದರು. ಹೆಸರಘಟ್ಟದ ಕಡೆಯ ಸಿಲುವೆಪುರ, ಕನಕಪುರ ರಸ್ತೆಯ ಕಡೆಯ ಮರಿಯಾಪುರ ಅಂಥವು. ಸಿಲುವೆ ಎಂದರೆ ಶಿಲುಬೆ. ಹಸಿವಿನಿಂದ ಹುಟ್ಟಿದ ಊರಿನಲ್ಲಿ ತುಂಬಿದ ಕಣಜವನ್ನು ನೋಡುವ ಕಣ್ಣೇ ಬೇರೆಯದಾಗಿದ್ದಿರಬೇಕು. ಸಾಮತಿಯ ಸಿರಿವಂತನಿಗೆ ಕಣಜ ತನ್ನೊಬ್ಬನ ಸುಖಕ್ಕೆ; ಆದಿಕಾಂಡದ ಜೋಸೆಫನಿಗೆ ಅದು ಬರಗಾಲದಲ್ಲಿ ನಾಡಿಗೆ ಉಣಿಸುವುದಕ್ಕೆ. ಕಣಜವನ್ನೇ ಕಾಣದ ಮಕ್ಕಳಿಗೆ ಈ ಎರಡರ ಅಂತರವನ್ನು ಹೇಗೆ ಹೇಳುವುದು?

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾನು ಸೆಮಿನರಿಯಲ್ಲಿ ಓದುತ್ತಿದ್ದಾಗ ನಮ್ಮ ಹಳ್ಳಿಯ ಮನೆ ಭಾಗವಾಯಿತು. ರಜೆಗೆ ಹೋದಾಗ ಕಣಜದ ಹಲಗೆಗಳು ಅಂಗಳದಲ್ಲಿ ಒರಗಿದ್ದವು, ಕೊಳ್ಳುವವನು ಬಂದು ಅಳೆಯುತ್ತಿದ್ದ. ಅಜ್ಜಿ ಜಗಲಿಯ ಮೇಲೆ ಕುಳಿತು ನೋಡುತ್ತಿದ್ದರು. ತತ್ವಶಾಸ್ತ್ರದ ಪರೀಕ್ಷೆಯ ಚಿಂತೆಯಲ್ಲಿದ್ದ ನಾನು ಅವರನ್ನು ಒಂದು ಮಾತೂ ಕೇಳಲಿಲ್ಲ. ಅದನ್ನು ಮಾಡಿದವರು ಯಾರು, ಎಷ್ಟು ಖಂಡುಗ ಹಿಡಿಯುತ್ತಿತ್ತು, ಯಾವ ವರ್ಷ ಬರಿದಾಗಿತ್ತು ಎಂಬುದೆಲ್ಲ ಅವರೊಂದಿಗೇ ಮಣ್ಣು ಸೇರಿತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬುದನ್ನೂ ನಾನು ಮುಂದೆ ಪುಸ್ತಕ ನೋಡಿಯೇ ತಿಳಿಯಬೇಕಾಯಿತು.

ಹಳೆಯ ಕಟ್ಟಡಗಳನ್ನೆಲ್ಲ ಉಳಿಸಿರೆಂದು ನಾನು ಹೇಳಲಾರೆ. ಮೂವತ್ತು-ನಲವತ್ತರ ಸೈಟಿನಲ್ಲಿ ಕಣಜಕ್ಕೆ ಎಡೆಯೆಲ್ಲಿ? ಆದರೂ ಹಳೆಯ ಗ್ರಾಮಠಾಣದ ಓಣಿಯಲ್ಲಿ ನಿಮ್ಮವರ ಹೆಂಚಿನ ಮನೆ ಇನ್ನೂ ನಿಂತಿದ್ದರೆ, ಕೆಡವುವ ಮುನ್ನ ಹಿರಿಯರನ್ನು ಅಲ್ಲಿಗೆ ಕರೆದೊಯ್ದು, ಅಟ್ಟ ಯಾವುದು, ಕೊಟ್ಟಿಗೆ ಎಲ್ಲಿತ್ತು, ಹಗೇವು ಎಲ್ಲಿ ಮುಚ್ಚಿದೆ ಎಂದು ಕೇಳಿ ನಕ್ಷೆ ಬರೆದಿಡಿ. ಫೋಟೋ ಮಾತ್ರ ಸಾಲದು; ಹೆಸರಿಲ್ಲದ ಫೋಟೋ ಮುಂದಿನವರಿಗೆ ಬರಿಯ ಮರದ ಪೆಟ್ಟಿಗೆಯಾಗಿ ಕಾಣುತ್ತದೆ. ಮೇಟಿ, ಕಣದ ಗುಂಡು, ಮೊರ, ಅಕ್ಕಡಿ ಸಾಲು ಮೊದಲಾದ ಮಾತುಗಳನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ಹಿಡಿದಿಡಿ. ವಸ್ತುಗಳನ್ನು ಹೇಗೆ ಕಾಪಾಡಬಹುದೆಂದು ನೋಡಬೇಕೆನಿಸಿದರೆ, ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲೇ ಮುಂದೆ, ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಾಖಲೆಗಳೂ ಇವೆ. ನಿಮ್ಮ ಮುತ್ತಜ್ಜನ ಊರಿನ ಹೆಸರು ಅಲ್ಲಿ ಸಿಕ್ಕರೂ ಸಿಕ್ಕೀತು, ಗುರುಗಳನ್ನು ಕೇಳಿ ನೋಡಿ.

ಮುಂದಿನ ಭಾನುವಾರ ಆ ಹುಡುಗನಿಗೆ ಗೋಡೌನ್ ಎಂಬ ಉತ್ತರವನ್ನು ತಿದ್ದಿ ಹೇಳಿ, ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರೆದು ತರುವಂತೆ ಹೇಳಿದೆ. ಅವನು ತಂದದ್ದು ನಾನು ನಿರೀಕ್ಷಿಸಿದ್ದಲ್ಲ. ಅವರ ಮನೆಯಲ್ಲಿ ಕಣಜವೇ ಇರಲಿಲ್ಲವಂತೆ. ಅಜ್ಜಿಯ ತಂದೆ ಇನ್ನೊಬ್ಬರ ಮನೆಯಲ್ಲಿ ಜೀತಕ್ಕಿದ್ದವರು. ಜೀತಪದ್ಧತಿಯನ್ನು ನಿಷೇಧಿಸಿದ ಕಾನೂನು 1976ರದು, ಇದು ಅದಕ್ಕೂ ಹಿಂದಿನ ಮಾತು. ಬೇರೆಯವರ ಕಣದಲ್ಲಿ ಗುಂಡು ಹೊಡೆದು, ರಾಗಿ ತೂರಿ, ಅವರ ಹಗೇವಿಗೆ ಇಳಿದು ತುಂಬಿ, ಕಡೆಗೆ ಬಳ್ಳದಲ್ಲಿ ಅಳೆಸಿಕೊಂಡ ಕೂಲಿಯನ್ನು ಸೆರಗಿನಲ್ಲಿ ತರುತ್ತಿದ್ದರಂತೆ ಅಜ್ಜಿಯ ತಾಯಿ. ಮನೆಯಲ್ಲಿದ್ದುದು ಒಂದು ಸಣ್ಣ ಗುಡಾಣ. ಹುಡುಗ ಅದನ್ನೆಲ್ಲ ಎರಡು ಪುಟ ಬರೆದಿದ್ದ. ಗುಡಾಣದ ಚಿತ್ರವನ್ನೂ ಬರೆದು, ಎಷ್ಟು ಎತ್ತರವಿತ್ತೆಂದು ಅಜ್ಜಿ ಕೈಯಲ್ಲಿ ತೋರಿಸಿದ್ದನ್ನು ಸ್ಕೇಲಿನಲ್ಲಿ ಅಳೆದು ಪಕ್ಕದಲ್ಲಿ ಗುರುತು ಹಾಕಿದ್ದ.