ಮಣ್ಣೆತ್ತಿನ ಪಾಠ

ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾದುದು. ಆದರೆ ತೊಟ್ಟಿಲಿನಿಂದಿಳಿದ ಕೂಸಿಗೆ ಧಾರವಾಡ ಸೀಮೆಯಲ್ಲಿ ಮೊದಲನೆಯ ಪಾಠಶಾಲೆಯಾದುದು ಮಣ್ಣು. ಆಟವೆಂದರೆ ಕಾಲಹರಣವೆಂದೆಣಿಸುವ ವಿದ್ಯಾವಂತರು ಇದನ್ನು ನೆನೆಯುವದು ಒಳ್ಳೆಯದು.

ಒಕ್ಕಲುತನದ ಹಿರಿಯರು ಮಕ್ಕಳಾಟಕ್ಕೆ ಪಂಚಾಂಗದಲ್ಲಿಯೇ ಸ್ಥಾನವನ್ನು ಕೊಟ್ಟಿದ್ದರು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನಾಡಿನಲ್ಲಿ ಜ್ಯೇಷ್ಠದ ಅಮಾವಾಸ್ಯೆಯಂದು ಮಣ್ಣೆತ್ತುಗಳ ಪೂಜೆ. ಮುಂದೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಕೂಡ್ರಿಸುವ ಮಣ್ಣಿನ ಗುಳ್ಳವ್ವ. ಹದಕ್ಕೆ ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುವದು; ಕಡಿಮೆಯಾದರೆ ಕೋಡು ಬಿರಿಯುವದು. ಪ್ರಮಾಣ, ಸಮತೋಲ, ತಾಳ್ಮೆ ಇವನ್ನು ಯಾರೂ ಬಾಯಿಂದ ಹೇಳಬೇಕಾಗಿರಲಿಲ್ಲ, ಬೆರಳುಗಳೇ ಕಲಿತುಕೊಂಡವು.

ಇದೇ ತತ್ವವನ್ನು ಜರ್ಮನಿಯ ಫ್ರೋಬೆಲನು ಶಾಸ್ತ್ರವಾಗಿ ನಿರೂಪಿಸಿದನು. 1837ರಲ್ಲಿ ಆಟವನ್ನೇ ತಳಹದಿಯಾಗಿಟ್ಟು ಶಿಶುಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಮಕ್ಕಳ ತೋಟ’ವೆಂಬ ಅರ್ಥದ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟನು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. 1975ರಲ್ಲಿ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಗಳ ಮೂಲಕ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವನ್ನು ಹಳ್ಳಿಗೂ ತಂದಿತು.

ಆದರೆ ಇಂದು ಪೇಟೆಯ ಸಿದ್ಧ ಎತ್ತುಗಳನ್ನು ಕೊಂಡು ತಂದು ಹಬ್ಬವನ್ನು ಮುಗಿಸುವ ಮನೆಗಳೂ ಉಂಟು. ಅಲ್ಲಿ ಪೂಜೆಗೆ ಲೋಪವಿಲ್ಲ. ಕೂಸಿನ ಕೈಗೆ ಮಾತ್ರ ಕೆಲಸ ತಪ್ಪಿತು. ಪಾಟಿಯ ಮೇಲೆ ಓಂಕಾರವನ್ನು ತಿದ್ದಬೇಕಾದ ಬೆರಳು ಮೊದಲು ಎತ್ತಿನ ಕೋಡನ್ನು ತಿದ್ದಿ ಬಲಿತಿರಬೇಕೆಂಬುದನ್ನು ತಾಯಿತಂದೆಗಳು ಮರೆಯಲಾಗದು.