ಖಾಲಿ ಖಜಾನೆಯ ಲೆಕ್ಕ ಒಪ್ಪಿಸಿದ ದಿವಾನ

ಬಜೆಟ್ ಬಂತು ಅಂದ್ರೆ ಟಿವಿ ಚರ್ಚೆಯಲ್ಲಿ ಒಂದೇ ಗದ್ದಲ. ಸಾಲ ಎಷ್ಟು? ಯಾರ ಕಾಲದಲ್ಲಿ ಏರಿದ್ದು? ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುವಷ್ಟರಲ್ಲಿ ಬ್ರೇಕ್ ಬಂದಿರುತ್ತೆ. ಆ ಸಾಲ ಯಾತಕ್ಕೆ ಮಾಡಿದ್ದು, ತೀರಿಸೋದು ಹೇಗೆ ಅನ್ನೋದು ಹಾಗೇ ಉಳಿದುಹೋಗುತ್ತೆ. ಆ ಪ್ರಶ್ನೆ ಹಿಡಿದು ಒಮ್ಮೆ 1881ರ ಮೈಸೂರಿಗೆ ಹೋಗಿಬರೋಣ.

ದುರಾಡಳಿತದ ಕಾರಣ ಕೊಟ್ಟು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತ ಕಿತ್ತುಕೊಂಡಿದ್ದರು. ಐವತ್ತು ವರ್ಷದ ನಂತರ ಒಡೆಯರಿಗೆ ಮರಳಿಸಿದರು. ಮರಳಿಸಿದ್ದು ಎಂಥ ಖಜಾನೆ ನೋಡಿ. 1876-78ರ ಮಹಾಕ್ಷಾಮದಲ್ಲಿ ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿತ್ತು. ಮೇಲೆ 80 ಲಕ್ಷ ಸಾಲ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 42 ಲಕ್ಷಕ್ಕೆ ಕುಸಿದಿತ್ತು. ಸಂಸ್ಥಾನದ ವರ್ಷದ ಆದಾಯ ಸುಮಾರು ಒಂದು ಕೋಟಿ. ಅದರಲ್ಲಿ 24.5 ಲಕ್ಷ, ಅಂದ್ರೆ ಕಾಲು ಭಾಗ, ಬ್ರಿಟಿಷರಿಗೆ ಕಪ್ಪ! ಸಾಲದ್ದಕ್ಕೆ ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಬೇರೆ.

ದಿವಾನ್ ರಂಗಾಚಾರ್ಲು ಅವರು ಖರ್ಚಿಗೆ ಕತ್ತರಿ ಹಾಕಿದರು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದು ಮಾಡಿ ಪಕ್ಕದ ಜಿಲ್ಲೆಗಳಿಗೆ ಸೇರಿಸಿದರು. ಆದರೆ ರೈಲು ನಿಲ್ಲಿಸಲಿಲ್ಲ. ಕ್ಷಾಮ ಬಂದಾಗ ದೂರದ ಹಳ್ಳಿಗೆ ಧಾನ್ಯ ಮುಟ್ಟಿಸೋಕೆ ದಾರಿ ಬೇಕಿತ್ತು. ಬೆಂಗಳೂರು-ಮೈಸೂರು ಮಾರ್ಗ 1882ರಲ್ಲಿ ಪೂರ್ಣವಾಯಿತು.

ಇನ್ನೂ ದೊಡ್ಡ ಕೆಲಸ ನಡೆದದ್ದು 1881ರ ಅಕ್ಟೋಬರ್ 7ರಂದು. ದಸರಾ ಹೊತ್ತಿಗೆ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಸಂಸ್ಥಾನದ ಹಣಕಾಸಿನ ಸ್ಥಿತಿಯನ್ನು ದಿವಾನರು ಆ ಸಭೆಯ ಮುಂದಿಟ್ಟರು. ಸದಸ್ಯರಲ್ಲಿ ಹೆಚ್ಚಿನವರು ಜಮೀನುದಾರರು, ವರ್ತಕರು. ಬಜೆಟ್ ತಡೆಯುವ ಅಧಿಕಾರ ಅವರಿಗೆ ಇರಲಿಲ್ಲ, ನಿಜ. ಆದರೂ ತೆರಿಗೆ ಕಟ್ಟುವವನಿಗೆ ಲೆಕ್ಕ ಒಪ್ಪಿಸಬೇಕು ಅನ್ನೋ ಪದ್ಧತಿ ಶುರುವಾಯ್ತು.

ಕಪ್ಪದ ಏರಿಕೆಯನ್ನು ಎರಡು ಸಲ ಮುಂದೂಡಿದರು. 1896ರಲ್ಲಿ ಅದು ಜಾರಿಗೆ ಬಂತು. ಅಷ್ಟೊತ್ತಿಗೆ ಶೇಷಾದ್ರಿ ಅಯ್ಯರ್ ದಿವಾನರು. ಕೋಲಾರದ ಚಿನ್ನದ ರಾಜಧನವೂ ಸೇರಿ ಆದಾಯ ಬೆಳೆದಿತ್ತು, ಸಂಸ್ಥಾನ ಆ ಭಾರ ತಡೆದುಕೊಂಡಿತು. ಏರಿಸಿದ ಹತ್ತೂವರೆ ಲಕ್ಷವನ್ನು ಬ್ರಿಟಿಷರು ಬಿಟ್ಟುಕೊಟ್ಟದ್ದು 1928ರಲ್ಲಿ.

ಈಗಿನ ಕಥೆಗೆ ಬನ್ನಿ. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ವಿತ್ತೀಯ ಕೊರತೆ ರಾಜ್ಯದ ಜಿಡಿಪಿಯ ಶೇ 3, ಒಟ್ಟು ಹೊಣೆಗಾರಿಕೆ ಶೇ 25 ಮೀರಬಾರದು ಅಂತ ಗೆರೆ ಎಳೆದುಕೊಂಡೆವು. ಒಳ್ಳೆಯದೇ. ಆದರೆ ಎಷ್ಟು ಸಾಲ ಅನ್ನೋದನ್ನು ಶೇಕಡಾವಾರು ಹೇಳುತ್ತೆ, ಯಾತಕ್ಕೆ ಅನ್ನೋದನ್ನು ಹೇಳಲ್ಲ. ಸಾಲ ತಂದು ಕಾಲುವೆ ಕಟ್ಟಿದರೆ ಮುಂದೆ ಬೆಳೆ ಬರುತ್ತೆ. ಸಾಲ ತಂದು ಸಂಬಳ, ಹಳೇ ಬಡ್ಡಿ ಕಟ್ಟಿದರೆ ಮಕ್ಕಳಿಗೆ ಉಳಿಯೋದು ಕಂತು ಮಾತ್ರ.

ಹಾಗಾಗಿ ಮುಂದಿನ ಬಜೆಟ್ ದಿನ ಒಟ್ಟು ಸಾಲದ ಅಂಕಿ ಕೇಳಿ ಸುಮ್ಮನಾಗಬೇಡಿ. ಬಂಡವಾಳ ವೆಚ್ಚ ಎಷ್ಟು, ಬಡ್ಡಿ ಎಷ್ಟು, ರಾಜಸ್ವ ಕೊರತೆ ಇದೆಯಾ, ಈ ಮೂರನ್ನು ನಿಮ್ಮ ಶಾಸಕರಿಗೆ ಕೇಳಿ. ಮತದಾನದ ಹಕ್ಕೇ ಇಲ್ಲದ ಕಾಲದಲ್ಲಿ ದಿವಾನರು ಲೆಕ್ಕ ಕೊಟ್ಟಿದ್ದರು. ವೋಟು ಹಾಕಿರೋ ನಮಗೆ ಕೇಳೋಕೆ ಸಂಕೋಚ ಯಾಕೆ?